ಓದುಗರ ಪ್ರಶ್ನೆ: ಸ್ಲೇಟ್ ಪಿಕಪ್ ನಂಬಿ ಹಳೆಯ ಗಾಡಿ ಮಾರಬಹುದೇ?

ಪ್ರಶ್ನೆ: ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಮನೆಯ ತೋಟಕ್ಕೆ ಗೊಬ್ಬರ, ಹಲಗೆ ಸಾಗಿಸುವ ನನ್ನ ಪೆಟ್ರೋಲ್ ಪಿಕಪ್‌ಗೆ ವಯಸ್ಸಾಗಿದೆ. ಸ್ಲೇಟ್ ಕಂಪನಿಯ ವಿದ್ಯುತ್ ಪಿಕಪ್‌ಗೆ 50 ಡಾಲರ್ ಕೊಟ್ಟು ಹೆಸರು ನೋಂದಾಯಿಸಿದ್ದೇನೆ. ಹೇಳಿದ ಬೆಲೆಗೆ ಅದು ಸಿಗುವುದೇ? ಹಳೆಯದನ್ನು ಈಗಲೇ ಮಾರಬಹುದೇ?

ಉತ್ತರ: ಈಗ ಮಾರಬೇಡಿ. ನೀವು ಕೊಟ್ಟ 50 ಡಾಲರ್ ಕೇಳಿದರೆ ಹಿಂದಕ್ಕೆ ಸಿಗುವ ಹಣವಾದ್ದರಿಂದ ಅದರ ಬಗ್ಗೆ ಆತಂಕ ಬೇಡ. ಆದರೆ ಅದು ಸಾಲಿನಲ್ಲಿ ನಿಮಗೊಂದು ಜಾಗವನ್ನು ಕಾದಿರಿಸುತ್ತದೆಯೇ ಹೊರತು ಗಾಡಿಯ ಬೆಲೆಯನ್ನಾಗಲಿ, ಅದು ಕೈಸೇರುವ ದಿನವನ್ನಾಗಲಿ ಖಚಿತಪಡಿಸುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಈ ಪಿಕಪ್ ಅನಾವರಣಗೊಂಡಾಗ ಎಲ್ಲರ ಕಿವಿಗೆ ಬಿದ್ದದ್ದು ‘20 ಸಾವಿರ ಡಾಲರ್‌ಗಿಂತ ಕಡಿಮೆ’ ಎಂಬ ಮಾತು. ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿಯನ್ನು ಕಳೆದ ಮೇಲಿನ ಲೆಕ್ಕ ಅದು. ಅದೇ ಜುಲೈ 4ರಂದು ಸಹಿಯಾದ ಕಾಯ್ದೆ ಆ ರಿಯಾಯಿತಿಯನ್ನು ಸೆಪ್ಟೆಂಬರ್ 30ಕ್ಕೆ ಕೊನೆಗೊಳಿಸಿತು. ಗಾಡಿಯ ಒಂದು ನಟ್ಟು ಬೋಲ್ಟೂ ಬದಲಾಗದೆ ಕೊಳ್ಳುವವರ ಲೆಕ್ಕ 25 ಸಾವಿರದ ಆಸುಪಾಸಿಗೆ ಏರಿತು.

ಈ ಹಿಂದಿನ ಅನುಭವವೂ ಎಚ್ಚರಿಕೆಯನ್ನೇ ಹೇಳುತ್ತದೆ. ಟೆಸ್ಲಾದ ಸೈಬರ್‌ಟ್ರಕ್ 2019ರ ನವೆಂಬರ್‌ನಲ್ಲಿ 39,900 ಡಾಲರ್ ಆರಂಭಿಕ ಬೆಲೆಯೊಂದಿಗೆ ಪ್ರದರ್ಶನಗೊಂಡಿತ್ತು. ನಾಲ್ಕು ವರ್ಷಗಳ ನಂತರ, 2023ರ ನವೆಂಬರ್ 30ರಂದು ವಿತರಣೆ ಶುರುವಾದಾಗ ಕಂಪನಿಯ ಪಟ್ಟಿಯಲ್ಲಿದ್ದ ಅತ್ಯಂತ ಅಗ್ಗದ ಮಾದರಿಯ ಬೆಲೆಯೇ 60,990 ಡಾಲರ್ ಆಗಿತ್ತು. ಫೋರ್ಡ್‌ನ ಎಫ್-150 ಲೈಟ್ನಿಂಗ್ 2021ರಲ್ಲಿ 39,974 ಡಾಲರ್ ಎಂದು ಘೋಷಣೆಯಾಗಿ, 2023ರ ವಸಂತದ ಹೊತ್ತಿಗೆ 59,974ಕ್ಕೆ ತಲುಪಿತು. 2025ರ ಡಿಸೆಂಬರ್‌ನಲ್ಲಿ ಫೋರ್ಡ್ ಅದರ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಓಹಾಯೊ ರಾಜ್ಯದ ಲಾರ್ಡ್ಸ್‌ಟೌನ್ ಮೋಟರ್ಸ್ ಎಂಬ ಹೊಸ ಪಿಕಪ್ ಕಂಪನಿಯಂತೂ ಬೆರಳೆಣಿಕೆಯ ಗಾಡಿಗಳನ್ನು ಕೊಟ್ಟು 2023ರಲ್ಲಿ ದಿವಾಳಿ ಅರ್ಜಿ ಹಾಕಿತು.

ಹೀಗಿದ್ದರೂ ಸ್ಲೇಟ್‌ನ ಯೋಚನೆಯಲ್ಲಿ ನನಗೆ ನಿಜವಾದ ಆಸಕ್ತಿಯಿದೆ. ಈ ಕಂಪನಿಯವರು ಅಗ್ಗದ ಬೆಲೆಯನ್ನು ಬರೀ ಬಾಯಿಮಾತಿನಲ್ಲಿ ಹೇಳದೆ, ಗಾಡಿಯ ರಚನೆಯಲ್ಲೇ ಅದಕ್ಕೆ ದಾರಿ ಹುಡುಕಿದ್ದಾರೆ. ಕಾರ್ಖಾನೆಯೊಂದರಲ್ಲಿ ಅತಿ ಹೆಚ್ಚು ಬಂಡವಾಳ ಬೇಡುವ ವಿಭಾಗಗಳಲ್ಲಿ ಬಣ್ಣ ಬಳಿಯುವ ವಿಭಾಗವೂ ಒಂದು. ಇಲ್ಲಿ ಹೊರಮೈಯೆಲ್ಲ ಬೂದು ಬಣ್ಣದ ಪ್ಲಾಸ್ಟಿಕ್ ಹಲಗೆಗಳಾದ್ದರಿಂದ ಆ ವಿಭಾಗದ ಅಗತ್ಯವೇ ಇಲ್ಲ, ಬಣ್ಣ ಬೇಕಾದವರು ಮೇಲೆ ಹಾಳೆ ಅಂಟಿಸಿಕೊಳ್ಳಬೇಕು. ಕಿಟಕಿಯ ಗಾಜನ್ನು ಹಿಡಿಕೆ ತಿರುಗಿಸಿ ಏರಿಸಿ ಇಳಿಸಬೇಕು. ರೇಡಿಯೊ ಇಲ್ಲ, ದೊಡ್ಡ ಪರದೆಯೂ ಇಲ್ಲ. ಎಲ್ಲ ಗಾಡಿಗಳೂ ಎರಡು ಸೀಟಿನ ಒಂದೇ ಮಾದರಿಯಾಗಿ ಕಾರ್ಖಾನೆಯಿಂದ ಹೊರಬರುತ್ತವೆ. ಐದು ಜನ ಕೂರುವ ಗಾಡಿ ಬೇಕಾದವರು ಆಮೇಲೆ ಬಿಡಿಭಾಗಗಳ ಕಿಟ್ ಕೊಂಡು ಜೋಡಿಸಿಕೊಳ್ಳಬಹುದು. ಗಾಡಿಗಳು ವರ್ಷದಿಂದ ವರ್ಷಕ್ಕೆ ಉಬ್ಬುತ್ತಿರುವ ದೇಶದಲ್ಲಿ, ಕೆಲಸಕ್ಕೆ ಬೇಕಾದಷ್ಟನ್ನೇ ಕೊಡುವ ಇಂಥ ಪ್ರಯತ್ನ ಗೆಲ್ಲಬೇಕೆಂಬುದು ನನ್ನ ಮನದಾಳದ ಆಸೆ. ಆದರೆ ಇಂಡಿಯಾನಾ ರಾಜ್ಯದ ವಾರ್ಸಾ ಎಂಬ ಊರಿನ ಹಳೆಯ ಮುದ್ರಣಾಲಯದಲ್ಲಿ ತನ್ನ ಮೊದಲ ಗಾಡಿಯನ್ನು ಕಟ್ಟಹೊರಟ ಕಂಪನಿ 2026ರ ಕೊನೆಗೆಂದು ಹೇಳಿದ ಗಡುವನ್ನು ಮೀರಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಆದ್ದರಿಂದ ಅಂತಿಮ ಬೆಲೆ ಬರಹದಲ್ಲಿ ಕೈಗೆ ಬಂದು, ನಿಮ್ಮ ರಾಜ್ಯದಲ್ಲಿ ರಿಪೇರಿ ಎಲ್ಲಿ ಮಾಡುತ್ತಾರೆಂಬುದು ತಿಳಿದ ಮೇಲೆ ಹಳೆಯದನ್ನು ಮಾರಿ.

ಪ್ರಶ್ನೆ: ಅದೇ ಪಿಕಪ್ ಒಂದು ಚಾರ್ಜ್‌ಗೆ 150 ಮೈಲಿ ಓಡುವುದಂತೆ. ಹಿಮ ಬೀಳುವ ಕಾಲದಲ್ಲಿ, ಭಾರ ಹೇರಿದಾಗ ಎಷ್ಟು ಓಡೀತು?

ಉತ್ತರ: 150 ಮೈಲಿ, ಅಂದರೆ ಸುಮಾರು 240 ಕಿ.ಮೀ., 52.7 ಕಿಲೋವ್ಯಾಟ್ ಗಂಟೆಯ ಚಿಕ್ಕ ಬ್ಯಾಟರಿಗೆ ಕಂಪನಿ ಹೇಳಿರುವ ಅಂದಾಜು. ಕೊರೆಯುವ ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಜೊತೆಗೆ, ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ನಿನ ಬಿಸಿಯಿಂದಲೇ ಸಿಗುವ ಶಾಖವನ್ನು ವಿದ್ಯುತ್ ಗಾಡಿ ಬ್ಯಾಟರಿ ಖರ್ಚುಮಾಡಿಯೇ ಹುಟ್ಟಿಸಬೇಕು. ಹಾಗಾಗಿ ಕಾಲು ಭಾಗದಷ್ಟು ದೂರ ಕಡಿತವಾಗುವುದು ಸಾಮಾನ್ಯ. ಗಾಡಿಯ ಹಿಂದೆ ಎತ್ತರದ ಟ್ರೇಲರ್ ಕಟ್ಟಿದರೆ ಗಾಳಿಯ ತಡೆಯೇ ಶಕ್ತಿಯನ್ನು ನುಂಗುತ್ತದೆ. ದೊಡ್ಡ ವಿದ್ಯುತ್ ಪಿಕಪ್‌ಗಳಲ್ಲೂ ಓಟ ಅರ್ಧಕ್ಕೆ ಇಳಿದದ್ದುಂಟು. ನಿತ್ಯ ಅರವತ್ತು, ಎಪ್ಪತ್ತು ಮೈಲಿ ಓಡಿಸಿ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡುವವರಿಗೆ ಚಿಕ್ಕ ಬ್ಯಾಟರಿ ಸಾಕು. ಚಳಿಗಾಲದಲ್ಲೂ ದೂರ ಹೋಗುವವರು 240 ಮೈಲಿಯ ದೊಡ್ಡ ಬ್ಯಾಟರಿಯ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ, ಟೊಮೆಟೊ ಬೆಳೆಯುತ್ತೇನೆ. ಈ ಅಮೆರಿಕದ ಗಾಡಿಗಾಗಿ ಕಾಯಬೇಕೇ?

ಉತ್ತರ: ಕಾಯಬೇಕಾಗಿಲ್ಲ. ಅದನ್ನು ಅಮೆರಿಕದ ಮಾರುಕಟ್ಟೆಗೆಂದು, ಎಡಗಡೆಯ ಸ್ಟಿಯರಿಂಗ್ ಇಟ್ಟು ರೂಪಿಸಿದ್ದಾರೆ. ನಮ್ಮಲ್ಲೇ ಟಾಟಾ ಏಸ್ ಪ್ರೊ ಇವಿ ಎಂಬ ಚಿಕ್ಕ ವಿದ್ಯುತ್ ಸರಕು ಗಾಡಿ 2025ರ ಜೂನ್‌ನಲ್ಲಿ 6.50 ಲಕ್ಷ ರೂಪಾಯಿ ಆರಂಭಿಕ ಬೆಲೆಗೆ ಬಂದಿದೆ. ಅದು 750 ಕೆ.ಜಿ. ಹೊರುತ್ತದೆ, ಒಂದು ಚಾರ್ಜ್‌ಗೆ 155 ಕಿ.ಮೀ. ಎಂಬುದು ಕಂಪನಿ ಕೊಡುವ ಅಂಕಿ. ಮಹೀಂದ್ರಾದ ಜಿಯೋ (ZEO) ಎಂಬ ಅಂಥದ್ದೇ ವಿದ್ಯುತ್ ಗಾಡಿ 2024ರಿಂದಲೇ ಮಾರುಕಟ್ಟೆಯಲ್ಲಿದೆ. ನಿಮ್ಮೂರಿನಿಂದ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋಗಿಬರಲು 120 ಕಿ.ಮೀ. ಆಸುಪಾಸು ಆಗುವುದರಿಂದ, ಭಾರ ತುಂಬಿದಾಗ ಈ ಅಂಕಿಯಲ್ಲಿ ಉಳಿಯುವ ಅಂತರ ಬಹಳ ಕಡಿಮೆ. ಡೀಲರ್ ಬಳಿ ಖಾಲಿ ಗಾಡಿಯನ್ನು ಓಡಿಸಿ ನೋಡದೆ, ನಿಮ್ಮ ಟೊಮೆಟೊ ಕ್ರೇಟುಗಳನ್ನೇ ತುಂಬಿಸಿ ಒಮ್ಮೆ ಬೆಂಗಳೂರಿನವರೆಗೆ ಹೋಗಿಬರಲು ಕೇಳಿ. ಮನೆಗೆ ಮರಳಿದಾಗ ಬ್ಯಾಟರಿಯಲ್ಲಿ ಎಷ್ಟು ಉಳಿದಿತ್ತೆಂಬುದನ್ನು ಬರೆದುಕೊಂಡು ಆಮೇಲೆ ಬೆಲೆಯ ಮಾತಾಡಿ.