ಎಚ್‌ಐವಿ ಮಾತ್ರೆ ರಾತ್ರಿಯೇ ನುಂಗಬೇಕಾ? ಜೊತೆಗೆ ಗ್ಯಾಸ್ ಮಾತ್ರೆ, ನೋವಿನ ಮಾತ್ರೆ ತೆಗೆದುಕೊಳ್ಳಬಹುದಾ?

ನೀವು ಬರೆದಿದ್ದು ಇಷ್ಟು. ಪೀಣ್ಯದಲ್ಲಿ ಶಿಫ್ಟ್ ಕೆಲಸ, ಮೂರು ಜನ ಹುಡುಗರ ಜೊತೆ ರೂಮ್. ಹೋದ ತಿಂಗಳು ಎಚ್‌ಐವಿ ಇದೆ ಅಂತ ಗೊತ್ತಾಗಿ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿಗೆ ಔಷಧಿ ಕೊಡುವ ಕೇಂದ್ರದಲ್ಲಿ, ದಿನಕ್ಕೊಂದು ಮಾತ್ರೆ ಶುರುವಾಗಿದೆ. ರಾತ್ರಿ ನುಂಗಿದರೆ ನಿದ್ದೆ ಬರುತ್ತಿಲ್ಲ. ಮೊದಲಿನಿಂದ ಗ್ಯಾಸ್ಟ್ರಿಕ್ ಇದೆ, ಜೆಲುಸಿಲ್ ಕುಡಿಯುತ್ತೀರಿ. ಬೆನ್ನು ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತರುತ್ತೀರಿ. ರೂಮಿನವರಿಗೆ ಗೊತ್ತಾಗಬಾರದು ಅಂತ ಡಬ್ಬಿಯ ಲೇಬಲ್ ಕಿತ್ತು ಹಾಕಿದ್ದೀರಿ. ಇದೆಲ್ಲ ಸರಿಯಾ, ಒಂದು ದಿನ ತಪ್ಪಿದರೆ ಏನಾಗುತ್ತದೆ ಅಂತ ಕೇಳಿದ್ದೀರಿ.

ನಾನೂ ಪಾಸಿಟಿವ್. ಗಂಡ ತೀರಿಕೊಂಡಾಗ ನನಗೂ ಇದೆ ಅಂತ ಗೊತ್ತಾಯಿತು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿಕೊಂಡೇ ಮಕ್ಕಳನ್ನು ಓದಿಸಿದೆ, ಮಾತ್ರೆ ನುಂಗುತ್ತಲೇ ಬಂದಿದ್ದೇನೆ. ಡಾಕ್ಟರ್ ಅಲ್ಲ. ಆದರೆ ನಮ್ಮ ಕೇಂದ್ರಕ್ಕೆ ಹೊಸದಾಗಿ ಬರುವವರ ಜೊತೆ ಕೂತು ಮಾತಾಡುತ್ತೇನೆ, ಅವರೂ ಹೆಚ್ಚು ಕಡಿಮೆ ನಿಮ್ಮ ಪ್ರಶ್ನೆಗಳನ್ನೇ ಕೇಳುತ್ತಾರೆ. ಅಷ್ಟು ಜನರನ್ನು ನೋಡಿದ ಮೇಲೆ ನನಗೆ ಅನ್ನಿಸಿರುವುದು ಒಂದೇ. ಈ ಮಾತ್ರೆ ಒಳ್ಳೆಯದು. ಅದನ್ನು ಎಲ್ಲರಿಂದ, ಡಾಕ್ಟರ್‌ನಿಂದ ಕೂಡ, ಮುಚ್ಚಿಡಲು ಹೋದಾಗ ತೊಂದರೆ ಶುರುವಾಗುತ್ತದೆ.

ಮೊದಲು ನಿಮ್ಮ ಮಾತ್ರೆ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಈಗ ಸರ್ಕಾರಿ ಕೇಂದ್ರಗಳಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಕೊಡುವುದು ಟಿಎಲ್‌ಡಿ. ಒಂದೇ ಮಾತ್ರೆಯಲ್ಲಿ ಮೂರು ಔಷಧಿ ಇರುತ್ತದೆ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಮುಂದೆ ನಾನು ಹೇಳುವುದೆಲ್ಲ ಇದರ ಬಗ್ಗೆ. ನಿಮ್ಮದು ಬೇರೆ ಆಗಿದ್ದರೆ ಇದು ನಿಮಗೆ ಅನ್ವಯಿಸುವುದಿಲ್ಲ, ಕೇಂದ್ರದಲ್ಲೇ ಕೇಳಬೇಕು. ಲೇಬಲ್ ಕಿತ್ತಿದ್ದೀರಲ್ಲ, ಮುಂದಿನ ಸಲ ಡಬ್ಬಿ ಕೊಟ್ಟ ಕೂಡಲೇ ಲೇಬಲ್‌ನ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಕೇಂದ್ರದ ಬುಕ್ಕಿನ ಪುಟದ್ದೂ ಒಂದು ಫೋಟೋ ಇರಲಿ. ರಾತ್ರೋರಾತ್ರಿ ಯಾವುದೋ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಆ ಫೋಟೋ ಬಹಳ ಉಪಯೋಗಕ್ಕೆ ಬರುತ್ತದೆ.

ಈಗ ನಿದ್ದೆ ವಿಷಯ. "ರಾತ್ರಿ ಮಲಗುವಾಗಲೇ ನುಂಗಬೇಕು" ಅನ್ನುವ ಮಾತು ಹಳೇ ಮಾತ್ರೆಯ ಕಾಲದ್ದು. ಮೊದಲು ಎಫಾವಿರೆಂಜ್ ಇರುವ ಮಾತ್ರೆ ಕೊಡುತ್ತಿದ್ದರು. ನಾನೂ ತೆಗೆದುಕೊಂಡಿದ್ದೇನೆ. ನುಂಗಿದ ಮೇಲೆ ತಲೆ ತೂಗುತ್ತಿತ್ತು, ನಿಜವೋ ಕನಸೋ ಗೊತ್ತಾಗದಂಥ ಕನಸುಗಳು ಬೀಳುತ್ತಿದ್ದವು. ಅದಕ್ಕೇ ಮಲಗುವ ಹೊತ್ತಿಗೆ ತೆಗೆದುಕೊಳ್ಳಿ, ಎಣ್ಣೆ ಕೊಬ್ಬಿನ ಊಟದ ಜೊತೆ ಬೇಡ ಅನ್ನುತ್ತಿದ್ದರು. ಮಾತ್ರೆ ಬದಲಾದರೂ ಆ ಮಾತು ಬಾಯಿಂದ ಬಾಯಿಗೆ ಉಳಿದುಕೊಂಡಿದೆ. ಡೊಲುಟೆಗ್ರಾವಿರ್ ಹಾಗಲ್ಲ. ಕೆಲವರಿಗೆ ಇದರಿಂದ ನಿದ್ದೆಯೇ ಬರುವುದಿಲ್ಲ. ಅಂಥವರಿಗೆ ಬೆಳಿಗ್ಗೆಗೆ ಬದಲಾಯಿಸಿಕೊಳ್ಳಿ ಅಂತ ಡಾಕ್ಟರೇ ಹೇಳುತ್ತಾರೆ. ಊಟದ ಜೊತೆಗೂ ಆಗುತ್ತದೆ, ಖಾಲಿ ಹೊಟ್ಟೆಗೂ ಆಗುತ್ತದೆ. ಮುದ್ದೆ, ಮೊಸರು, ಮೊಟ್ಟೆ ಯಾವುದನ್ನೂ ಬಿಡಬೇಕಾಗಿಲ್ಲ. ಹೊತ್ತು ಹೇಗೆ ಬದಲಾಯಿಸಬೇಕು ಅಂತ ಕೌನ್ಸೆಲರ್‌ಗೆ ಒಂದು ಫೋನ್ ಮಾಡಿ ಕೇಳಿ, ನಡುವೆ ಒಂದು ದಿನ ಖಾಲಿ ಬಿಡಬೇಡಿ.

ನಿಮ್ಮದು ಶಿಫ್ಟ್ ಕೆಲಸ. ಹಾಗಾಗಿ "ಬೆಳಿಗ್ಗೆ ಎದ್ದ ಮೇಲೆ" ಅಂತ ಲೆಕ್ಕ ಇಟ್ಟುಕೊಂಡರೆ ನೈಟ್ ಶಿಫ್ಟ್ ವಾರ ಬಂದಾಗ ಎಲ್ಲ ಏರುಪೇರು. ಯಾವ ಶಿಫ್ಟ್ ಇದ್ದರೂ ನೀವು ಎಚ್ಚರವಾಗಿರುವ ಒಂದು ಹೊತ್ತನ್ನು ಗಡಿಯಾರ ನೋಡಿ ಆರಿಸಿಕೊಳ್ಳಿ. ಫೋನಿನಲ್ಲಿ ಅಲಾರಂ ಇಡಿ. ಅಲಾರಂಗೆ ಮಾತ್ರೆ ಅಂತ ಹೆಸರು ಹಾಕಬೇಕಾಗಿಲ್ಲ, ಯಾವ ಹೆಸರಾದರೂ ಆದೀತು.

ಇನ್ನು ಜೆಲುಸಿಲ್. ದಯವಿಟ್ಟು ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಏಕೆಂದರೆ ಯಾರೂ ಇದನ್ನು ಔಷಧಿ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೆಲುಸಿಲ್, ಡೈಜೀನ್ ಥರದವುಗಳಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ. ಡೊಲುಟೆಗ್ರಾವಿರ್ ಹೊಟ್ಟೆಯಲ್ಲಿ ಈ ಲೋಹಗಳಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ನೀವು ದಿನಾ ತಪ್ಪದೆ ನುಂಗುತ್ತಿದ್ದರೂ ಒಳಗೆ ಔಷಧಿ ಸಾಕಷ್ಟು ಇರುವುದಿಲ್ಲ. ಹಾಗಾಗಿ ಎಚ್‌ಐವಿ ಮಾತ್ರೆ ಮೊದಲು, ಅದಾಗಿ ಕನಿಷ್ಠ 2 ಗಂಟೆ ಬಿಟ್ಟು ಜೆಲುಸಿಲ್. ಜೆಲುಸಿಲ್ ಮೊದಲು ಕುಡಿದುಬಿಟ್ಟಿದ್ದರೆ 6 ಗಂಟೆ ಕಾಯಬೇಕು. ದಿನಾ ಗ್ಯಾಸ್ ತೊಂದರೆ ಇದ್ದರೆ ಈ ಲೆಕ್ಕ ಕಷ್ಟ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಗ್ಯಾಸ್ ಮಾತ್ರೆಗಳಿಗೆ ಡೊಲುಟೆಗ್ರಾವಿರ್ ಜೊತೆ ಈ ಜಗಳ ಇಲ್ಲ. ನಿಮಗೆ ಅದು ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ 2 ಮತ್ತು 6 ಗಂಟೆಯ ಲೆಕ್ಕ. ಒಂದು ವಿನಾಯಿತಿ ಇದೆ. ಹೊಟ್ಟೆ ತುಂಬ ಊಟ ಮಾಡುವಾಗ ಆದರೆ ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನು ಎಚ್‌ಐವಿ ಮಾತ್ರೆಯ ಜೊತೆಯಲ್ಲೇ ತೆಗೆದುಕೊಳ್ಳಬಹುದು. ಖಾಲಿ ಹೊಟ್ಟೆಗೆ ಜೊತೆಯಲ್ಲಿ ಬೇಡ. ಜಿಂಕ್, ಕಬ್ಬಿಣ ಇರುವ ಶಕ್ತಿ ಮಾತ್ರೆಗಳ ಬಗ್ಗೆಯೂ ಕೇಂದ್ರದಲ್ಲಿ ಕೇಳಿಯೇ ಶುರು ಮಾಡಿ. ಊರಿನಿಂದ ಅಮ್ಮ ಲೇಹ್ಯ, ಭಸ್ಮ ಕಳಿಸಿದರೆ ಅದನ್ನೂ ಹೇಳಿ. ಲೋಹ ಭಸ್ಮ ಅಂದರೆ ಕಬ್ಬಿಣವೇ, ಶಂಖ ಭಸ್ಮ ಅಂದರೆ ಕ್ಯಾಲ್ಸಿಯಂ. ಯಾರ ನಂಬಿಕೆಯನ್ನೂ ನಾನು ಹಳಿಯುವುದಿಲ್ಲ. ಆದರೆ "ಎಚ್‌ಐವಿ ಪೂರ್ತಿ ವಾಸಿ ಮಾಡುತ್ತೇವೆ, ಆ ಮಾತ್ರೆ ನಿಲ್ಲಿಸಿ" ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಏಡ್ಸ್ ವಾಸಿ ಮಾಡುತ್ತೇವೆ ಅಂತ ಹೇಳಿಕೊಂಡು ಔಷಧಿ ಮಾರುವುದು ನಮ್ಮ ದೇಶದ ಔಷಧಿ ನಿಯಮಗಳ ಪ್ರಕಾರವೇ ತಪ್ಪು. ದುಡ್ಡು ಹೋಗಲಿ, ಆ ನಡುವೆ ಆರೋಗ್ಯವೂ ಹೋಗುತ್ತದೆ.

ಬೆನ್ನು ನೋವಿನ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಬೆನ್ನು ನೋವು ಅಂದರೆ ಎಷ್ಟೋ ಸಲ ಕೊಡುವುದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಇರುವ ಮಾತ್ರೆ. ಟೆನೊಫೊವಿರ್ ಕಿಡ್ನಿಯ ಮೂಲಕ ಹೊರಗೆ ಹೋಗುವ ಔಷಧಿ, ಕೆಲವರಿಗೆ ಕಿಡ್ನಿಗೆ ತೊಂದರೆ ಮಾಡಬಹುದು. ಈ ನೋವಿನ ಮಾತ್ರೆಗಳೂ ಕಿಡ್ನಿಗೆ ಭಾರ. ಎರಡನ್ನೂ ಸೇರಿಸಿ ವಾರಗಟ್ಟಲೆ ತೆಗೆದುಕೊಂಡರೆ ಕಿಡ್ನಿ ಕೈಕೊಡಬಹುದು. ಪ್ಯಾರಾಸಿಟಮಾಲ್ ಆದರೆ ಈ ಅಪಾಯ ಇಲ್ಲ. ಡೋಲೋ 650 ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಅದೂ ಪ್ಯಾರಾಸಿಟಮಾಲ್‌ನೇ. ಹೇಳಿದ ಪ್ರಮಾಣ ಮೀರದಿರಲಿ, ಅಷ್ಟೆ. ನೋವು ದಿನಾ ಇದ್ದರೆ ಸುಮ್ನೆ ಮಾತ್ರೆ ನುಂಗುತ್ತಾ ಇರಬೇಡಿ, ಬೆನ್ನು ತೋರಿಸಿ. ಕೇಂದ್ರದಲ್ಲಿ ಆಗಾಗ ಕ್ರಿಯಾಟಿನಿನ್ ಪರೀಕ್ಷೆ, ಅಂದರೆ ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ, ಮಾಡುತ್ತಾರೆ. ಶುರುವಿನ ವಾರಗಳಲ್ಲಿ ಅದು ಸ್ವಲ್ಪ ಏರಿದರೆ ಹೆದರಬೇಡಿ. ಡೊಲುಟೆಗ್ರಾವಿರ್ ಕಿಡ್ನಿಗೆ ಏನೂ ಮಾಡದೆಯೂ ಆ ಅಂಕಿಯನ್ನು ಸ್ವಲ್ಪ ಏರಿಸುತ್ತದೆ. ಏರುತ್ತಲೇ ಹೋದರೆ ಡಾಕ್ಟರ್ ನೋಡುತ್ತಾರೆ. ಆದರೆ ನೀವು ನೋವಿನ ಮಾತ್ರೆ ನುಂಗುತ್ತಿರುವುದು ಅವರಿಗೆ ಗೊತ್ತಿಲ್ಲದಿದ್ದರೆ ಅವರು ತಾನೇ ಏನು ಮಾಡಿಯಾರು?

ಇದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಔಷಧಿ ಬರೆಯುವ ಪ್ರತಿಯೊಬ್ಬ ಡಾಕ್ಟರ್‌ಗೂ ಈ ಮಾತ್ರೆಯ ಹೆಸರು ಗೊತ್ತಿರಬೇಕು. ನಾಳೆ ಶುಗರ್ ಬಂದು ಮೆಟ್‌ಫಾರ್ಮಿನ್ ಬರೆದರೆ, ಡೊಲುಟೆಗ್ರಾವಿರ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಉಲ್ಟಾ ಕೆಲಸ ಮಾಡುತ್ತವೆ, ಡೊಲುಟೆಗ್ರಾವಿರ್ ಅನ್ನು ಕಡಿಮೆ ಮಾಡುತ್ತವೆ. ಟಿಬಿ ಬಂದು ರಿಫಾಂಪಿಸಿನ್ ಶುರುವಾದರೆ ದಿನಕ್ಕೊಂದು ಮಾತ್ರೆ ಸಾಲುವುದಿಲ್ಲ. 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಸೇರಿಸುತ್ತಾರೆ. ನಮ್ಮಂಥವರಿಗೆ ಟಿಬಿ ಬರುವ ಸಾಧ್ಯತೆ ಜಾಸ್ತಿ. ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ಮುಂದಿನ ತಾರೀಖಿನವರೆಗೆ ಕಾಯಬೇಡಿ.

ಹೇಳಿದರೆ ಊರೆಲ್ಲ ಗೊತ್ತಾಗುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಒಂದು ಕ್ಲಿನಿಕ್‌ನಲ್ಲಿ ನನ್ನ ಚೀಟಿ ನೋಡಿದ ನರ್ಸ್ ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಓದಿದ್ದರು. ಅವತ್ತು ಆದ ನೋವು ಸಣ್ಣದಲ್ಲ. ಈಗ ಕಾನೂನು ನಮ್ಮ ಕಡೆ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಸ್ಥಿತಿಯನ್ನು ಆಸ್ಪತ್ರೆಯವರು ಹೊರಗೆ ಹೇಳುವಂತಿಲ್ಲ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುವಂತಿಲ್ಲ. ಫ್ಯಾಕ್ಟರಿಯಲ್ಲಾಗಲಿ, ರೂಮಿನಲ್ಲಾಗಲಿ ಯಾರಿಗೂ ಹೇಳಲೇಬೇಕು ಅಂತಿಲ್ಲ. ಅದು ನಿಮ್ಮ ಇಷ್ಟ. ಡಾಕ್ಟರ್‌ಗೆ ಹೇಳುವುದು ಬೇರೆ, ಊರಿಗೆ ಹೇಳುವುದು ಬೇರೆ.

ಡಬ್ಬಿಯ ಬಗ್ಗೆ. ಲೇಬಲ್ ಕಿತ್ತಿದ್ದು ನಿಮ್ಮ ಪರಿಸ್ಥಿತಿಗೆ ಸರಿ ಅಂತಲೇ ಇಟ್ಟುಕೊಳ್ಳೋಣ, ಫೋಟೋ ಇದ್ದರೆ ಸಾಕು. ಆದರೆ ಮಾತ್ರೆಗಳನ್ನು ಪ್ಲಾಸ್ಟಿಕ್ ಕವರ್‌ಗೋ ಬೇರೆ ಡಬ್ಬಿಗೋ ಸುರಿಯಬೇಡಿ. ಒಳಗಿರುವ ಸಣ್ಣ ಪೊಟ್ಟಣ ತೇವ ಹೀರಲು ಇಟ್ಟದ್ದು, ಅದನ್ನು ಎಸೆಯಬೇಡಿ. ಅಲುಗಾಡಿದರೆ ಸದ್ದು ಬರುತ್ತದೆ ಅನ್ನುವುದು ತೊಂದರೆಯಾದರೆ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಡಿ. ಬಚ್ಚಲಿನ ಕಿಟಕಿ, ಒಲೆ ಪಕ್ಕ, ಬೈಕಿನ ಡಿಕ್ಕಿ ಇವೆಲ್ಲ ಬೇಡ.

ಒಂದು ದಿನ ಮರೆತರೆ? ನೆನಪಾದ ಕೂಡಲೇ ನುಂಗಿ. ಮುಂದಿನ ಮಾತ್ರೆಗೆ 4 ಗಂಟೆಗಿಂತ ಕಡಿಮೆ ಉಳಿದಿದ್ದರೆ ಮಾತ್ರ ಆ ಒಂದನ್ನು ಬಿಟ್ಟು ಮಾಮೂಲಿ ಹೊತ್ತಿಗೆ ಮುಂದುವರಿಸಿ. ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ. ಒಂದು ದಿನ ತಪ್ಪಿದ್ದಕ್ಕೆ ಎಲ್ಲ ಮುಗಿಯಿತು ಅಂತ ಕೂರಬೇಡಿ. ಪದೇ ಪದೇ ತಪ್ಪುವುದೇ ಅಪಾಯ. ಔಷಧಿ ಅರೆಬರೆ ಇದ್ದಾಗ ವೈರಸ್ ಹೆಚ್ಚುತ್ತದೆ, ಹೆಚ್ಚುವಾಗ ಬದಲಾಗುತ್ತದೆ, ಬದಲಾದದ್ದಕ್ಕೆ ಅದೇ ಮಾತ್ರೆ ತಾಗದೆ ಹೋಗಬಹುದು. ಡೊಲುಟೆಗ್ರಾವಿರ್ ಅಷ್ಟು ಸುಲಭಕ್ಕೆ ಸೋಲುವ ಔಷಧಿ ಅಲ್ಲ, ಆದರೂ ಅದನ್ನು ಪರೀಕ್ಷೆ ಮಾಡಲು ಹೋಗಬೇಡಿ. ನೀವಾಗಿಯೇ ನಿಲ್ಲಿಸುವುದಂತೂ ಬೇಡವೇ ಬೇಡ. ಹೆಪಟೈಟಿಸ್ ಬಿ ಅನ್ನುವ ಲಿವರ್ ಸೋಂಕು ಕೂಡ ಇದ್ದವರಿಗೆ ಇನ್ನೂ ಅಪಾಯ. ಈ ಮಾತ್ರೆಯ ಎರಡು ಔಷಧಿಗಳು ಅದನ್ನೂ ಹಿಡಿದಿಟ್ಟಿರುತ್ತವೆ, ದಿಢೀರ್ ನಿಲ್ಲಿಸಿದರೆ ಲಿವರ್ ಕೆರಳುತ್ತದೆ. ನಿಮ್ಮ ಹೆಪಟೈಟಿಸ್ ಬಿ ಪರೀಕ್ಷೆ ಏನು ಬಂತು ಅಂತ ಕೇಳಿ ತಿಳಿದುಕೊಳ್ಳಿ.

ಶುರುವಿನಲ್ಲಿ ತಲೆನೋವು, ವಾಕರಿಕೆ ಇದ್ದರೆ ಬಹಳ ಜನರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ತೂಕ ಏರಬಹುದು. ಆದರೆ ಜ್ವರದ ಜೊತೆ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಮುಖ ಊತ, ಉಸಿರಾಟದ ತೊಂದರೆ, ಕಣ್ಣು ಹಳದಿ ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ. ಮೊದಲ ತಿಂಗಳುಗಳಲ್ಲಿ ಹೊಸದಾಗಿ ಜ್ವರ ಬಂದರೆ, ಗಂಟು ಊದಿಕೊಂಡರೆ ಕೂಡ ತೋರಿಸಿ. ರೋಗ ತಡೆಯುವ ಶಕ್ತಿ ವಾಪಸ್ ಬರುವಾಗ ಒಳಗೆ ಅಡಗಿದ್ದ ಸೋಂಕು ಎದ್ದು ಕಾಣಿಸಿಕೊಳ್ಳುವುದು ಉಂಟು. ಮನಸ್ಸು ತೀರಾ ಕುಗ್ಗಿದರೆ, ಬದುಕು ಬೇಡ ಅನ್ನಿಸಿದರೆ ಅದನ್ನೂ ಹೇಳಿ. ಕೆಲವರಿಗೆ ಅದು ಮಾತ್ರೆಯಿಂದಲೂ ಆಗಬಹುದು, ಡಾಕ್ಟರ್‌ಗೆ ಗೊತ್ತಾದರೆ ಬದಲಾಯಿಸುವ ದಾರಿ ಇರುತ್ತದೆ. ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಾತ್ರೆ ಶುರುವಾದ 6 ತಿಂಗಳಿಗೆ ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ಪರೀಕ್ಷೆ, ಇರುತ್ತದೆ, ಆಮೇಲೆ ವರ್ಷ ತುಂಬಿದಾಗ, ಆಮೇಲೆ ವರ್ಷಕ್ಕೊಮ್ಮೆ. ಆ ತಾರೀಖು ತಪ್ಪಿಸಬೇಡಿ. ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ಹೇಳುವುದು ಆ ಪರೀಕ್ಷೆಯೇ, ಮೈಗೆ ಹಗುರ ಅನ್ನಿಸುವುದಲ್ಲ. ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ನಿಮ್ಮಿಂದ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಇದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿದೆ. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು, ಬೇರೆ ಗುಪ್ತ ರೋಗಗಳಿಗೆ ಆಮೇಲೂ ಬೇಕು. ಮದುವೆ, ಮಕ್ಕಳು ಎರಡೂ ಸಾಧ್ಯ. ನಿಮ್ಮ ವಯಸ್ಸಿಗೆ ಈ ಮಾತು ಮೊದಲೇ ಕಿವಿಗೆ ಬೀಳಬೇಕು ಅಂತ ನನ್ನ ಆಸೆ.

ಹಬ್ಬಕ್ಕೆ ಊರಿಗೆ ಹೋಗುವಾಗ ಇರುವ ದಿನಗಳಿಗಿಂತ ಜಾಸ್ತಿ ಮಾತ್ರೆ ಇಟ್ಟುಕೊಂಡು ಹೋಗಿ. ಡಬ್ಬಿ ಲಗೇಜಿನಲ್ಲಿ ಬೇಡ, ಕೈಚೀಲದಲ್ಲಿರಲಿ. ಅಲ್ಲಿ ಮುಗಿದರೆ ಆ ಜಿಲ್ಲೆಯ ಎಆರ್‌ಟಿ ಕೇಂದ್ರದಲ್ಲಿ ನಿಮ್ಮ ಬುಕ್ ತೋರಿಸಿ ಕೇಳಬಹುದು. ಬೆಂಗಳೂರಿನಲ್ಲಿ ಈಗಿನ ಕೇಂದ್ರ ನಿಮ್ಮ ಶಿಫ್ಟಿಗೆ ದೂರವಾಗುತ್ತಿದ್ದರೆ ಹತ್ತಿರದ ಇನ್ನೊಂದಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಬೌರಿಂಗ್, ವಿಕ್ಟೋರಿಯಾ, ಮಲ್ಲೇಶ್ವರದ ಕೆ.ಸಿ. ಜನರಲ್ ಹೀಗೆ ಹಲವು ಕಡೆ ಕೇಂದ್ರಗಳಿವೆ. ಯಾವುದು ಹತ್ತಿರ ಅಂತ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಕರೆಗೆ ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ. ಈ ವಾರ ಒಂದು ಕೆಲಸ ಮಾಡಿ: ನೀವು ಈಗ ತೆಗೆದುಕೊಳ್ಳುವ ಎಲ್ಲವನ್ನೂ, ಜೆಲುಸಿಲ್‌ನಿಂದ ಹಿಡಿದು ಬೆನ್ನು ನೋವಿನ ಮಾತ್ರೆಯವರೆಗೆ, ಒಂದು ಚೀಟಿಯಲ್ಲಿ ಬರೆದು ಕೇಂದ್ರದ ಡಾಕ್ಟರ್‌ಗೆ ತೋರಿಸಿ. ನಿದ್ದೆಯ ವಿಷಯವನ್ನೂ ಅಲ್ಲೇ ಕೇಳಿ. ಅವರು ಏನಂದರು ಅಂತ ಇಲ್ಲಿ ಬರೆದರೆ, ನನಗೆ ಗೊತ್ತಿರುವಷ್ಟು ಮತ್ತೆ ಹೇಳುತ್ತೇನೆ.