ಯುಕೆಜಿಗೆ ಶರತ್ಕಾಲದ ವಾರ: ಮೇಪಲ್ ಎಲೆ ಬಿಡಿ, ಕಡ್ಲೇಕಾಯಿ ಗಿಡ ತನ್ನಿ

ನಿಮ್ಮದು ಚಿಂತಾಮಣಿ ಕಡೆಯ ಶಾಲೆ, ಯುಕೆಜಿಯಲ್ಲಿ 25 ಮಕ್ಕಳು. ಪುಸ್ತಕದಲ್ಲಿ ‘ಆಟಮ್’ ಅಂತ ಒಂದು ವಾರದ ಪಾಠ ಇದೆ, ಚಿತ್ರದಲ್ಲಿ ಕೆಂಪು ಮೇಪಲ್ ಎಲೆ ಮತ್ತು ಕಿತ್ತಳೆ ಬಣ್ಣದ ಕುಂಬಳಕಾಯಿ. ಇದನ್ನು ಇಲ್ಲಿ ಹೇಗೆ ಮಾಡಿಸೋದು ಅಂತ ಕೇಳಿದ್ದೀರಿ.

ಮೊದಲು ಆ ಚಿತ್ರಗಳನ್ನು ಪಕ್ಕಕ್ಕಿಡಿ. ನಮ್ಮ ಶರದೃತು ಅಂದರೆ ಆಶ್ವಯುಜ, ಕಾರ್ತಿಕ. ಆಗ ನಮ್ಮ ಮರಗಳು ಎಲೆ ಉದುರಿಸಲ್ಲ. ಹೊಂಗೆ, ಬೇವು, ಅರಳಿ ಬೋಳಾಗೋದು ಶಿಶಿರದಲ್ಲಿ, ಫೆಬ್ರವರಿ-ಮಾರ್ಚಿಗೆ. ಯುಗಾದಿ ಹೊತ್ತಿಗೆ ಮತ್ತೆ ಚಿಗುರು. ಅಕ್ಟೋಬರಿನಲ್ಲಿ ‘ಇದು ಎಲೆ ಉದುರುವ ಕಾಲ’ ಅಂತ ಹೇಳಿಕೊಟ್ಟರೆ, ಮಗು ಕಿಟಕಿಯಾಚೆ ನೋಡಿದಾಗ ಕಾಣೋದೆಲ್ಲ ಹಸಿರೇ. ತನ್ನ ಕಣ್ಣನ್ನು ನಂಬಬೇಕೋ ಟೀಚರನ್ನು ನಂಬಬೇಕೋ ಅನ್ನೋ ಗೊಂದಲಕ್ಕೆ ಐದು ವರ್ಷದ ಮಗುವನ್ನು ತಳ್ಳಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಶೀತದೇಶಗಳಲ್ಲಿ ಈಗ ಎಲೆ ಕೆಂಪಾಗುತ್ತೆ ಅಂತ ಒಂದು ಚಿತ್ರ ತೋರಿಸಿ ಮುಂದೆ ಹೋಗಿ. ನಮ್ಮಲ್ಲಿ ಈ ಕಾಲಕ್ಕೆ ಕಡ್ಲೇಕಾಯಿ ಕೀಳ್ತಾರೆ, ರಾಗಿ ತೆನೆಗೆ ಹಾಲು ತುಂಬುತ್ತೆ, ಅವರೆ ಹೂ ಬಿಡುತ್ತೆ, ಹೊಲದಂಚಿನ ಹುಚ್ಚೆಳ್ಳು ಹಳದಿಯಾಗುತ್ತೆ, ಚೆಂಡುಹೂ ರಾಶಿ ಬೀಳುತ್ತೆ. ಪಾಠಕ್ಕೆ ಇಷ್ಟು ಬೇಕಾದಷ್ಟಾಯಿತು.

ದಸರಾ ರಜೆ ಮುಗಿದ ಮೇಲೆ, ದೀಪಾವಳಿಗೆ ಮುಂಚಿನ ವಾರ ಇಟ್ಟುಕೊಳ್ಳಿ. ಹೊರಗಿನ ಕೆಲಸವೆಲ್ಲ ಬೆಳಿಗ್ಗೆ 11ರೊಳಗೆ ಮುಗಿಯಲಿ, ಈ ತಿಂಗಳ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತೆ.

ಸೋಮವಾರ ಬಿತ್ತನೆ. ಭಾನುವಾರ ರಾತ್ರಿ ಒಂದು ಹಿಡಿ ರಾಗಿ ನೆನೆಹಾಕಿ. ಮಗುವಿಗೊಂದು ತೆಂಗಿನ ಚಿಪ್ಪು, ತಳದಲ್ಲಿ ತೂತು, ಮುಕ್ಕಾಲು ಭಾಗ ಮಣ್ಣು, ಮೇಲೆ ಒಂದು ಚಿಟಿಕೆ ರಾಗಿ, ಅದು ಮುಚ್ಚುವಷ್ಟೇ ತೆಳ್ಳಗೆ ಮಣ್ಣು. ಗುರುವಾರ ಶುಕ್ರವಾರಕ್ಕೆ ಸೂಜಿಯಂಥ ಮೊಳಕೆ ಕಾಣುತ್ತೆ. ಇದು ಕೆಡೋದು ಎರಡೇ ಕಾರಣಕ್ಕೆ: ರಾಗಿ ಆಳಕ್ಕೆ ಹೋದರೆ ಮೇಲೆ ಬರಲ್ಲ, ಮಕ್ಕಳು ಲೋಟದಲ್ಲಿ ನೀರು ಸುರಿದರೆ ಬೀಜ ತೇಲಿ ಒಂದು ಮೂಲೆಗೆ ಸೇರುತ್ತೆ. ನೀರಿನ ಬಾಟ್ಲಿಯ ಮುಚ್ಚಳ ಕೊಡಿ, ದಿನಕ್ಕೆ ಎರಡು ಮುಚ್ಚಳ, ಅಷ್ಟೇ. ನಾಲ್ಕೈದು ಚಿಪ್ಪು ಹೆಚ್ಚಿಗೆ ಬಿತ್ತಿಡಿ. ತನ್ನದು ಮಾತ್ರ ಮೊಳೆಯಲಿಲ್ಲ ಅಂತ ಯಾವ ಮಗುವೂ ಅಳಬಾರದು.

ಮಂಗಳವಾರ ಎಲೆ ಅಚ್ಚು. ದಾಸವಾಳ, ಅರಳಿ, ಹೊಂಗೆ ಎಲೆ ಹಸಿಯಾಗಿರಲಿ, ಒಣಗಿದ್ದು ಪುಡಿಯಾಗುತ್ತೆ. ನರ ಎದ್ದಿರುವ ಹಿಂಬದಿ ಮೇಲಕ್ಕೆ, ಅದರ ಮೇಲೆ ತೆಳು ಹಾಳೆ. ಕ್ರೇಯಾನಿನ ಕಾಗದ ಕಿತ್ತು, ಅಡ್ಡ ಮಲಗಿಸಿ ಉಜ್ಜಬೇಕು. ತುದಿಯಿಂದ ಉಜ್ಜಿದರೆ ಹಾಳೆ ಹರಿಯುತ್ತೆ, ನರ ಮೂಡಲ್ಲ.

ಬುಧವಾರ ಕಡ್ಲೇಕಾಯಿ. ವಾರಕ್ಕೆಲ್ಲ ಮುಖ್ಯವಾದ ದಿನ ಇದೇ. ಬಿಡಿ ಕಾಯಿ ತರಬೇಡಿ, ಬೇರು ಸಮೇತ ಕಿತ್ತ ಗಿಡ ಬೇಕು, ಐದು ಮಕ್ಕಳಿಗೆ ಒಂದರಂತೆ ಐದು. ಮಣ್ಣು ಪೂರ್ತಿ ತೊಳೆಯಬೇಡಿ, ಕೊಡವಿದರೆ ಸಾಕು. ಹಳೇ ಪೇಪರ್ ಹಾಸಿ ಗಿಡ ಮಲಗಿಸಿ, ಮೊದಲ ಹತ್ತು ನಿಮಿಷ ನೀವು ಏನೂ ಹೇಳಬೇಡಿ. ಆಮೇಲೆ ಕಾಂಡದಿಂದ ಇಳಿಬಿದ್ದಿರೋ ಸೂಜಿಯಂಥ ತೊಟ್ಟುಗಳನ್ನು ತೋರಿಸಿ. ಕೆಲವಕ್ಕೆ ತುದಿಯಲ್ಲಿ ಕಾಯಿ ಇರುತ್ತೆ. ಮಣ್ಣು ಮುಟ್ಟದೇ ಉಳಿದವು ಖಾಲಿ, ತುದಿ ಮೊನಚಾಗಿ ಹಾಗೇ ತೂಗಾಡ್ತಿರುತ್ತವೆ. ಹೂ ಬಿಟ್ಟಿದ್ದು ಮೇಲೆ, ಕಾಯಿ ಕಟ್ಟಿದ್ದು ಮಣ್ಣೊಳಗೆ ಅನ್ನೋದು ಆ ತೊಟ್ಟು ಹಿಡಿದು ನೋಡಿದಾಗಲೇ ಮಗುವಿಗೆ ತಿಳಿಯೋದು. ಕಾಯಿ ಬೇರಿಗೆ ಬಿಡುತ್ತೆ ಅಂತ ದೊಡ್ಡವರೂ ತಪ್ಪಾಗಿ ಹೇಳ್ತಾರೆ, ನೀವು ಹೇಳಬೇಡಿ.

ಆಮೇಲೆ ಕಾಯಿ ಬಿಡಿಸಿ, ಎಳೇ ಬಿಳಿ ಕಾಯಿಂದ ಬಲಿತ ಕಾಯಿವರೆಗೆ ಸಾಲಾಗಿ ಜೋಡಿಸಲಿ. ಹತ್ತು ಕಾಯಲ್ಲಿ ಎಷ್ಟು ಬೀಜ ಅಂತ ಮೊದಲು ಊಹಿಸಿ, ಬಿಡಿಸಿ ಎಣಿಸಲಿ. ಹಸಿ ಕಾಯಿ ಅಲ್ಲಾಡಿಸಿದರೆ ಸದ್ದಿಲ್ಲ, ಒಣಗಿದ್ದು ಗಲಗಲ ಅನ್ನುತ್ತೆ. ಎರಡನ್ನೂ ಕಿವಿ ಹತ್ತಿರ ಹಿಡಿದು ಕೇಳಿಸಿ. ಮನೆಯಲ್ಲಿ ತೆಲುಗಾಡೋ ಮಕ್ಕಳು ಇದ್ದೇ ಇರ್ತಾರೆ, ‘ಶೆನಕ್ಕಾಯಲು’ ಅಂದರೆ ತಿದ್ದಬೇಡಿ, ಎರಡು ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ.

ತಿನ್ನಿಸೋದಾದರೆ ಹಿಂದಿನ ದಿನವೇ ತಾಯಂದಿರನ್ನು ಅಲರ್ಜಿ ಇದೆಯಾ ಅಂತ ಕೇಳಿ. ಮೆತ್ತಗೆ ಬೇಯಿಸಿ, ಬೀಜ ಎರಡು ಹೋಳು ಮಾಡಿ, ಕೂರಿಸಿಯೇ ಕೊಡಿ. ಇಡೀ ಬೀಜ ಬಾಯಲ್ಲಿಟ್ಟು ಓಡಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಕೆಲವು ಮಕ್ಕಳು ಮೂಗಿಗೂ ತುರುಕಿಕೊಳ್ತಾರೆ. ಎಣಿಸಿದ ಮೇಲೆ ಬೀಜವೆಲ್ಲ ಡಬ್ಬಿಗೆ ವಾಪಸ್ ಬಂತಾ ನೋಡಿಕೊಳ್ಳಿ. ಬೂಷ್ಟು ಹಿಡಿದ ಕಾಯಿ ಎಸೆಯಿರಿ.

ಗುರುವಾರ ರಾಗಿ ತೆನೆ. ಒಂದು ತೆನೆ ಮುಷ್ಟಿ ಹಿಡಿದಂತೆ, ಇನ್ನೊಂದು ಬೆರಳು ಬಿಡಿಸಿದಂತೆ ಇರುತ್ತೆ. ಮಗು ತನ್ನ ಅಂಗೈ ಪಕ್ಕ ಇಟ್ಟು ತೆನೆಯ ಬೆರಳು ಎಣಿಸಲಿ. ಐದಕ್ಕಿಂತ ಹೆಚ್ಚು ಸಿಗೋದೇ ಜಾಸ್ತಿ, ಆಗ ‘ನಮಗಿಂತ ಎಷ್ಟು ಹೆಚ್ಚು’ ಅನ್ನೋ ಲೆಕ್ಕ ತಾನಾಗಿ ಬರುತ್ತೆ. ಎಳೆ ಕಾಳನ್ನು ಉಗುರಿನಿಂದ ಒತ್ತಿದರೆ ಬಿಳೀ ಹಾಲು ಬರುತ್ತೆ, ಅದನ್ನು ಪ್ರತಿ ಮಗುವೂ ಮಾಡಿ ನೋಡಲಿ. ಒಣ ರಾಗಿ, ಮೊರ ಇದ್ದರೆ ಕೇರೋದನ್ನೂ ತೋರಿಸಿ, ಆದರೆ ಹೊಟ್ಟು ಕಣ್ಣಿಗೆ ಬೀಳದ ಹಾಗೆ ಗಾಳಿಗೆ ಬೆನ್ನು ಮಾಡಿ ಕೂರಿಸಿ.

ಶುಕ್ರವಾರ ಚೆಂಡುಹೂ. ಮೊದಲು ಒಂದು ಎಸಳು ಮೆಲ್ಲಗೆ ಎಳೆಸಿ: ಬುಡದಲ್ಲಿ ಕಡ್ಡಿಯಂಥ ಬೀಜ ಅಂಟಿಕೊಂಡು ಬರುತ್ತೆ. ಆಮೇಲೆ ಬಣ್ಣ. ಎರಡು ಹಿಡಿ ಎಸಳು, ಅರ್ಧ ಲೀಟರ್ ನೀರು, ಒಂದು ಚಮಚ ಪಟಿಕದ ಪುಡಿ. ನೀವೇ ಅಡುಗೆಮನೆಯಲ್ಲಿ 20 ನಿಮಿಷ ಕುದಿಸಿ, ಸೋಸಿ, ಆರಿಸಿ ತನ್ನಿ. ಬಿಳೀ ಹತ್ತಿಬಟ್ಟೆಯ ತುಂಡು ಅರ್ಧ ಗಂಟೆ ನೆನೆದರೆ ಹಳದಿ ಹತ್ತುತ್ತೆ. ಪಟಿಕ ಹಾಕದಿದ್ದರೆ ಬಣ್ಣ ಒಗೆತಕ್ಕೆ ಬೇಗ ಹೋಗುತ್ತೆ. ಟೆರಿಕಾಟ್ ಬಟ್ಟೆಗೆ ಸರಿಯಾಗಿ ಹತ್ತಲ್ಲ.

ಮಕ್ಕಳನ್ನು ಹೊರಗೆ ಕರೆದೊಯ್ಯುವ ಮುಂಚೆ ನೀವೊಬ್ಬರೇ ಒಮ್ಮೆ ಆ ಜಾಗ ಸುತ್ತಿ ಬನ್ನಿ. ಕಾಂಗ್ರೆಸ್ ಗಿಡ ಇದ್ದರೆ ಮೈ ತುರಿಕೆ ಬರುತ್ತೆ. ಹರಳು, ಗುಲಗಂಜಿ, ಉಮ್ಮತ್ತಿ, ಕಣಗಿಲೆ ನಾಲ್ಕೂ ವಿಷ, ಅದರಲ್ಲೂ ಹರಳು ನಮ್ಮ ಹೊಲದ ಬದುಗಳಲ್ಲೇ ಇರುತ್ತೆ, ಬೀಜ ನೋಡಲು ಚೆಂದ. ಅಂಟಿಸೋ ಚಿತ್ರಕ್ಕೂ ಇವನ್ನು ಬಳಸಬೇಡಿ. ವಾಪಸ್ ಬಂದ ತಕ್ಷಣ ಎಲ್ಲರ ಕೈ ಸೋಪು ಹಾಕಿ ತೊಳೆಸಿ.