ಮೂವತ್ತು ದಾಟಿದ ಬಾಕ್ಸರ್ ಹೆವಿವೇಟ್‌ಗೆ ಏರಿ ಗೆಲ್ಲಬೇಕಾದರೆ ಏನೇನು ಬೇಕು?

ನೀವು ಕೇಳಿರುವುದು ಇದು: ರಾಯ್ ಜೋನ್ಸ್ ಜೂನಿಯರ್, ಒಲೆಕ್ಸಾಂಡರ್ ಉಸಿಕ್ ಕೆಳಗಿನ ತೂಕದಿಂದ ಬಂದು ಹೆವಿವೇಟ್ ಬೆಲ್ಟ್ ಗೆದ್ದರು, ಅದೇ ಕೆಲಸಕ್ಕೆ ಕೈಹಾಕಿದ ಎಷ್ಟೋ ಚಾಂಪಿಯನ್ನರು ಸೋತರು. ಹತ್ತು ಕೆಜಿ ಮೈ ಕೂಡಿಸಿಕೊಂಡರೆ ಸಾಲದೇ?

ಸಾಲದು. ಮೈಗೆ ತೂಕ ಸೇರಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಎದುರಾಳಿ ತನ್ನ ಭಾರವನ್ನೆಲ್ಲ ನಿಮ್ಮ ಕತ್ತಿನ ಮೇಲೆ ಹೇರಿದಾಗ ಹನ್ನೆರಡು ರೌಂಡ್ ನಿಮ್ಮ ಕಾಲು ಸೋಲದೆ ಉಳಿಯುತ್ತದೆಯೇ ಅನ್ನುವುದೇ ನಿಜವಾದ ಪರೀಕ್ಷೆ. ಏರುವವರಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ.

ಮೊದಲು ಲೆಕ್ಕ. ಲೈಟ್ ಹೆವಿವೇಟ್ ಮಿತಿ 175 ಪೌಂಡ್, ಅಂದರೆ 79.4 ಕೆಜಿ. ಕ್ರೂಸರ್‌ವೇಟ್ 200 ಪೌಂಡ್, 90.7 ಕೆಜಿ. ಅದರ ಮೇಲೆ ಹೆವಿವೇಟ್, ಅಲ್ಲಿ ಮಿತಿಯೇ ಇಲ್ಲ. ಗ್ಲೌಸ್ ಮಾತ್ರ ಬದಲಾಗುವುದಿಲ್ಲ: 80 ಕೆಜಿಯವನಿಗೂ 120 ಕೆಜಿಯವನಿಗೂ ಅದೇ 10 ಔನ್ಸ್. ಪಂಚ್ ದೊಡ್ಡದಾದರೂ ಅದರ ಮೇಲಿನ ಮೆತ್ತೆ ಅಷ್ಟೇ.

ಕ್ರೂಸರ್‌ವೇಟ್ ಬಾಕ್ಸರ್ ಫೈಟ್ ಇಲ್ಲದ ದಿನಗಳಲ್ಲಿ 96–98 ಕೆಜಿ ಇರುವುದು ಸಾಮಾನ್ಯ. ಕೊನೆಯ ವಾರದಲ್ಲಿ ನೀರು ಬಿಟ್ಟು, ಬೆವರು ಸುರಿಸಿ 90.7ಕ್ಕೆ ಇಳಿಯುತ್ತಾನೆ. ಹೆವಿವೇಟ್‌ಗೆ ಏರಿದರೆ ಈ ವೇಟ್ ಕಟ್ ತಪ್ಪುತ್ತದೆ, ಹಾಗಾಗಿ ಬೇಕಾದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಅವನ ಮೈಯಲ್ಲಿದೆ. ಉಳಿದ ಮೂರು ನಾಲ್ಕು ಕೆಜಿಯನ್ನು ಅವಸರವಿಲ್ಲದೆ ಸೇರಿಸಬೇಕು. ದಿನದ ಖರ್ಚಿಗಿಂತ 300–400 ಕ್ಯಾಲರಿ ಹೆಚ್ಚು ತಿನ್ನುವುದು, ಮೈತೂಕದ ಪ್ರತಿ ಕೆಜಿಗೆ 1.8ರಿಂದ 2 ಗ್ರಾಂ ಪ್ರೋಟೀನ್, ವಾರಕ್ಕೆ ಕಾಲು ಕೆಜಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳುವುದು. ವರ್ಷಗಟ್ಟಲೆ ತರಬೇತಿ ಮಾಡಿ ಮೂವತ್ತು ದಾಟಿದ ದೇಹಕ್ಕೆ ಒಂದು ವರ್ಷದಲ್ಲಿ ಮೂರು ನಾಲ್ಕು ಕೆಜಿಗಿಂತ ಹೆಚ್ಚು ನಿಜವಾದ ಸ್ನಾಯು ಬರುವುದಿಲ್ಲ. ಅದಕ್ಕಿಂತ ವೇಗವಾಗಿ ಬಂದದ್ದು ಕೊಬ್ಬು, ನೀರು, ಇಲ್ಲವೇ ಸಿರಿಂಜ್. ಲೈಟ್ ಹೆವಿವೇಟ್‌ಗಿಂತಲೂ ಕೆಳಗಿನ ಮಿಡಲ್‌ವೇಟ್‌ನಿಂದ ಏರಿ ಬಂದ ಜೇಮ್ಸ್ ಟೋನಿ 2005ರಲ್ಲಿ ಜಾನ್ ರೂಯಿಜ್ ಅವರನ್ನು ಸೋಲಿಸಿದ್ದರು. ನ್ಯಾಂಡ್ರೊಲೋನ್ ಎಂಬ ನಿಷೇಧಿತ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದರಿಂದ ಆ ಗೆಲುವೇ ದಾಖಲೆಯಿಂದ ಹೋಯಿತು.

ಅವಸರದ ತೂಕ ಮೊದಲ ನಾಲ್ಕು ರೌಂಡಿನಲ್ಲಿ ಗೊತ್ತಾಗುವುದಿಲ್ಲ, ಆರು ಏಳರಲ್ಲಿ ಹೊರಬೀಳುತ್ತದೆ. ಇದನ್ನು ಜಿಮ್‌ನಲ್ಲೇ ಪತ್ತೆ ಹಚ್ಚಬಹುದು: ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಫೈಟ್) ರೌಂಡ್ ಮುಗಿದ ಕೂಡಲೇ ನಾಡಿಬಡಿತ ಎಷ್ಟು, 60 ಸೆಕೆಂಡ್ ಬಿಟ್ಟು ಎಷ್ಟು, ಬರೆದಿಡಿ. ಹಳೆಯ ತೂಕದಲ್ಲಿ ಎಷ್ಟು ಇಳಿಯುತ್ತಿತ್ತೋ ಹೊಸ ತೂಕದಲ್ಲೂ ಅಷ್ಟೇ ಇಳಿಯಬೇಕು. ಇಳಿಯದಿದ್ದರೆ ತೂಕ ಏರಿಸುವುದನ್ನು ನಿಲ್ಲಿಸಿ ಮೂರು ವಾರ ಅಲ್ಲೇ ಇರಿ. ಉದ್ದ ಓಟವನ್ನೂ ಕಡಿಮೆ ಮಾಡಬೇಕು. ಹೆಚ್ಚಿದ ತೂಕದ ಜೊತೆ ಹಳೆಯ ಕಿಲೋಮೀಟರುಗಳನ್ನೇ ಓಡಿದರೆ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಮೊದಲು ಕೈಕೊಡುತ್ತವೆ. ಅರ್ಧ ಓಟದ ಬದಲು ಈಜು, ಸೈಕಲ್ ಇಟ್ಟುಕೊಳ್ಳಿ.

ಈಗ ಮುಖ್ಯ ವಿಷಯ, ಕ್ಲಿಂಚ್, ಅಂದರೆ ಪಂಚ್ ಬೀಳದಂತೆ ಎದುರಾಳಿಯನ್ನು ಅಪ್ಪಿ ಹಿಡಿಯುವುದು. 2013ರ ಏಪ್ರಿಲ್ 20ರಂದು ನ್ಯೂಯಾರ್ಕ್‌ನಲ್ಲಿ ನಡೆದ ಸ್ಟೀವ್ ಕನ್ನಿಂಗ್‌ಹ್ಯಾಮ್–ಟೈಸನ್ ಫ್ಯೂರಿ ಫೈಟ್ ಹುಡುಕಿ ನೋಡಿ. ಕನ್ನಿಂಗ್‌ಹ್ಯಾಮ್ ಮಾಜಿ ಕ್ರೂಸರ್‌ವೇಟ್ ಚಾಂಪಿಯನ್, ವಯಸ್ಸು 36, ತೂಕ 210 ಪೌಂಡ್. ಫ್ಯೂರಿ 254. ಎರಡನೇ ರೌಂಡಿನಲ್ಲಿ ಮೇಲಿನಿಂದ ಬೀಸಿದ ಒಂದು ಬಲಗೈ ಪಂಚ್‌ಗೆ ಫ್ಯೂರಿ ಅಂಗಾತ ಬಿದ್ದರು. ಎದ್ದ ಮೇಲೆ ಅವರು ದೂರದಿಂದ ಆಡುವುದನ್ನು ಬಿಟ್ಟು ಹತ್ತಿರ ಬಂದು ಒರಗಲು ಶುರುಮಾಡಿದರು. ಪ್ರತಿ ಕ್ಲಿಂಚ್‌ನಲ್ಲೂ ಎದೆ, ಮುಂಗೈ ಕನ್ನಿಂಗ್‌ಹ್ಯಾಮ್ ಕತ್ತಿನ ಮೇಲೆ. ಐದನೇ ರೌಂಡಿನ ಹೊತ್ತಿಗೆ ಕನ್ನಿಂಗ್‌ಹ್ಯಾಮ್ ಪಾದ ನಿಧಾನವಾಗುವುದು ಕಣ್ಣಿಗೆ ಕಾಣುತ್ತದೆ. ಏಳನೆಯದರಲ್ಲಿ ಫ್ಯೂರಿ ಎಡ ಮುಂಗೈಯಿಂದ ಅವರನ್ನು ತಳ್ಳಿ ನಿಲ್ಲಿಸಿ ಬಲಗೈ ಬೀಸಿದರು, ಅಲ್ಲಿಗೆ ಫೈಟ್ ಮುಗಿಯಿತು. ಆ ಕ್ಷಣದವರೆಗೆ ಯಾವ ಜಡ್ಜ್ ಕಾರ್ಡಿನಲ್ಲೂ ಕನ್ನಿಂಗ್‌ಹ್ಯಾಮ್ ಹಿಂದಿರಲಿಲ್ಲ. ಪಂಚ್ ಲೆಕ್ಕದಲ್ಲಿ ಸೋಲದವರನ್ನು ಭಾರ ಸೋಲಿಸಿತು.

ತಪ್ಪು ಎಲ್ಲಾಗುತ್ತದೆ ಅಂದರೆ, ದೊಡ್ಡವನು ಒಳಗೆ ಬಂದಾಗ ಚಿಕ್ಕವನು ಸೊಂಟದಿಂದ ಬಗ್ಗಿ ತಲೆಯನ್ನು ಅವನ ಕಂಕುಳ ಕೆಳಗೆ ತೂರಿಸುತ್ತಾನೆ. ಆ ಕ್ಷಣಕ್ಕೆ ಪಂಚ್ ತಪ್ಪುತ್ತದೆ ನಿಜ, ಆದರೆ 25 ಕೆಜಿ ಅಕ್ಕಿ ಮೂಟೆಯನ್ನು ಕತ್ತಿನ ಮೇಲಿಟ್ಟುಕೊಂಡು ಬಗ್ಗಿ ನಿಂತ ಹಾಗಾಗುತ್ತದೆ. ರೌಂಡಿಗೆ ಐದಾರು ಸಲ ಹೀಗಾದರೆ ಬೆನ್ನಿನ ಕೆಳಭಾಗ, ತೊಡೆ ಎರಡೂ ಸತ್ತುಹೋಗುತ್ತವೆ. ಸರಿಯಾದ ರೀತಿ ಬೇರೆ. ಹಣೆಯನ್ನು ಅವನ ಗದ್ದದ ಕೆಳಗೆ, ಎದೆಯ ಮೇಲ್ಭಾಗಕ್ಕೆ ಒತ್ತಬೇಕು. ಬೆನ್ನು ನೆಟ್ಟಗೆ, ಮಂಡಿ ಮಡಚಿ, ನಿಮ್ಮ ಸೊಂಟ ಅವನ ಸೊಂಟಕ್ಕಿಂತ ಕೆಳಗೆ. ಎರಡೂ ಕೈ ಅವನ ತೋಳುಗಳ ಒಳಗಡೆ. ಆಗ ಅವನು ಒರಗಿದರೂ ಭಾರ ನಿಮ್ಮ ಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ, ಬೆನ್ನಿಗೆ ಬರುವುದಿಲ್ಲ. ಅಲ್ಲಿಂದ ಮುಂದಿನ ಪಾದವನ್ನು ಅವನ ಪಾದದ ಹೊರಗಿಟ್ಟು ವೃತ್ತದ ನಾಲ್ಕನೇ ಒಂದು ಭಾಗದಷ್ಟು ತಿರುಗಿದರೆ ಅವನ ಬೆನ್ನು ರಿಂಗಿನ ಹಗ್ಗದ ಕಡೆ ಬರುತ್ತದೆ. ನೆಟ್ಟಗೆ ಹಿಂದೆ ಸರಿದು ನೀವೇ ಹಗ್ಗಕ್ಕೆ ಒರಗಿದಿರೋ, ತಿರುಗಲು ಜಾಗವೇ ಇರುವುದಿಲ್ಲ.

ಇದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು. 15–20 ಕೆಜಿ ಹೆಚ್ಚಿರುವ ಜೊತೆಗಾರ, ಪಂಚ್ ಇಲ್ಲ, ಹಿಡಿಯುವುದು ಒರಗುವುದು ಮಾತ್ರ; ಮೂರು ನಿಮಿಷದ ನಾಲ್ಕು ರೌಂಡ್, ವಾರಕ್ಕೆ ಎರಡು ಸಲ, ಎಂಟರಿಂದ ಹತ್ತು ವಾರ. ಕತ್ತಿಗೆ ನಾಲ್ಕೂ ದಿಕ್ಕಿಗೆ ಕೈಯೊತ್ತಿ ಹತ್ತು ಸೆಕೆಂಡಿನಂತೆ ಐದೈದು ಸಲ. ಇದು ಭಾರ ತಡೆಯುವುದಕ್ಕೆ. ಕತ್ತು ದಪ್ಪವಾದರೆ ಹೆವಿವೇಟ್ ಪಂಚ್ ನಾಟುವುದಿಲ್ಲ ಎಂದು ನಂಬಬೇಡಿ. ಹೆವಿವೇಟ್‌ಗಳ ಜೊತೆ ಬಿರುಸಿನ ಸ್ಪಾರಿಂಗ್ ವಾರಕ್ಕೆ ಒಂದೇ ದಿನ ಸಾಕು. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಡೆಯುತ್ತದೆ, ಮಿದುಳು ಅಲುಗುವುದನ್ನು ತಡೆಯುವುದಿಲ್ಲ, ಮತ್ತು ಈ ವಯಸ್ಸಿನ ಬಾಕ್ಸರ್ ತಲೆಗೆ ಆಗಲೇ ಸಾಕಷ್ಟು ಪೆಟ್ಟು ಬಿದ್ದಿರುತ್ತದೆ.

ಇನ್ನು ಎದುರಾಳಿಯ ಆಯ್ಕೆ. ಜೋನ್ಸ್ 2003ರ ಮಾರ್ಚ್ 1ರಂದು ಲಾಸ್ ವೇಗಸ್‌ನಲ್ಲಿ 193 ಪೌಂಡಿಗೆ ತೂಗಿ 226 ಪೌಂಡಿನ ರೂಯಿಜ್ ವಿರುದ್ಧ ಇಳಿದರು. ಆಗ ಅವರಿಗೆ 34. ಆ ಹೊತ್ತಿನ ಅಗ್ರ ಹೆವಿವೇಟ್ ಲೆನಾಕ್ಸ್ ಲೂಯಿಸ್. ಜೋನ್ಸ್ ಆರಿಸಿಕೊಂಡದ್ದು ಡಬ್ಲ್ಯೂಬಿಎ (ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲಿ ಒಂದು) ಬೆಲ್ಟ್ ಇದ್ದ, ಕಾಲು ನಿಧಾನದ, ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹೊಡೆದು ಅಪ್ಪಿಕೊಳ್ಳುವ ಆಟದ ರೂಯಿಜ್ ಅವರನ್ನು. ರೆಫರಿ ಜೇ ನೇಡಿ ಕ್ಲಿಂಚ್‌ಗಳನ್ನು ಬೇಗ ಬಿಡಿಸುತ್ತಾ ಹೋದರು, ರೂಯಿಜ್ ಕಡೆಯವರು ಅದಕ್ಕೆ ಸಿಟ್ಟಾದರು. ಅಪ್ಪುಗೆ ಇಲ್ಲದಾಗ ರೂಯಿಜ್ ಬಳಿ ಬೇರೆ ದಾರಿ ಉಳಿಯಲಿಲ್ಲ. ಮೂವರು ಜಡ್ಜ್‌ಗಳ ಅಂಕ 118-110, 117-111, 116-112, ಮೂರೂ ಜೋನ್ಸ್ ಪರ. ಮಾಜಿ ಮಿಡಲ್‌ವೇಟ್ ಚಾಂಪಿಯನ್ ಒಬ್ಬರು ಹೆವಿವೇಟ್ ಪಟ್ಟ ಗೆದ್ದದ್ದು 1897ರ ಬಾಬ್ ಫಿಟ್ಸಿಮನ್ಸ್ ನಂತರ ಅದೇ ಮೊದಲು. ಎದುರಾಳಿಯನ್ನು ನೋಡಿ ಆರಿಸಿದ್ದನ್ನು ಕೆಲವರು ಹೀಗಳೆಯುತ್ತಾರೆ, ನಾನು ಒಪ್ಪುವುದಿಲ್ಲ. 33 ಪೌಂಡ್ ಬಿಟ್ಟುಕೊಡುವವನಿಗೆ ಆ ಆಯ್ಕೆಯ ಹಕ್ಕು ಇರಬೇಕು.

ಉಸಿಕ್ ದಾರಿ ಇದಕ್ಕಿಂತ ಗಟ್ಟಿ. 2019ರ ಅಕ್ಟೋಬರ್‌ನಲ್ಲಿ ಚಾಜ್ ವಿದರ್‌ಸ್ಪೂನ್ ಎದುರು ಉಸಿಕ್ ತೂಕ 215 ಪೌಂಡ್. ಮರುವರ್ಷ ಮೈಮೇಲೆ ಬಿದ್ದು ಆಡುವ ಡೆರೆಕ್ ಚಿಸೋರಾ ಎದುರು 217¼. ಮೊದಲ ರೌಂಡುಗಳಲ್ಲಿ ಹಗ್ಗದವರೆಗೆ ತಳ್ಳಿಸಿಕೊಂಡರೂ ಆಮೇಲೆ ಹಿಡಿತಕ್ಕೆ ತಂದುಕೊಂಡರು. ಒರಗುವವನನ್ನು ಎದುರಿಸುವ ಪಾಠ ಬೆಲ್ಟಿನ ಫೈಟ್‌ಗಿಂತ ಮೊದಲೇ ಆಗಿಹೋಯಿತು. 2021ರ ಸೆಪ್ಟೆಂಬರ್‌ನಲ್ಲಿ, 34ರ ವಯಸ್ಸಲ್ಲಿ, ಆಂಟನಿ ಜೋಶುವಾ ಅವರಿಂದ ಬೆಲ್ಟ್ ಗೆದ್ದಾಗ 221¼. ಎರಡು ವರ್ಷಕ್ಕೆ ಬರೀ ಆರು ಪೌಂಡ್ ಚಿಲ್ಲರೆ! 2024ರ ಮೇ ತಿಂಗಳಲ್ಲಿ 262 ಪೌಂಡಿನ ಫ್ಯೂರಿಯನ್ನು ಸೋಲಿಸಿದರು. ಡಿಸೆಂಬರ್‌ನಲ್ಲಿ ಫ್ಯೂರಿ 281 ಪೌಂಡ್ ಆಗಿ ಬಂದರು, ಉಸಿಕ್ 226. ಮೂರೂ ಜಡ್ಜ್‌ಗಳು 116-112 ಕೊಟ್ಟದ್ದು ಉಸಿಕ್‌ಗೆ. ಸೌತ್‌ಪಾ, ಅಂದರೆ ಬಲಗೈ ಬಲಗಾಲು ಮುಂದಿಟ್ಟು ನಿಲ್ಲುವ ಎಡಗೈ ಬಾಕ್ಸರ್ ಆದ ಉಸಿಕ್ ಮುಂದಿನ ಪಾದವನ್ನು ಎದುರಾಳಿಯ ಪಾದದ ಹೊರಗೇ ಇಟ್ಟು ತಿರುಗುತ್ತಲೇ ಇರುವುದರಿಂದ ಒರಗಲು ಎದುರಿಗೆ ಮೈ ಸಿಗುವುದೇ ಕಡಿಮೆ.

ಕೆಳಗಿನ ತೂಕದ ನಾಕೌಟ್ ಬಲ ನಂಬಿ ಏರುವುದು ಅತಿ ಅಪಾಯದ ಯೋಜನೆ. ಬಾಬ್ ಫಾಸ್ಟರ್ ಲೈಟ್ ಹೆವಿವೇಟ್‌ನಲ್ಲಿ ಭಯಂಕರ ಎಡ ಹುಕ್ (ಪಕ್ಕದಿಂದ ಬಾಗಿ ಬರುವ ಪಂಚ್) ಇದ್ದವರು. 1970ರಲ್ಲಿ 188 ಪೌಂಡಿಗೆ ಜೋ ಫ್ರೇಜಿಯರ್ ಮುಂದೆ ನಿಂತರು, ಎರಡನೇ ರೌಂಡಿನಲ್ಲೇ ಮುಗಿಯಿತು.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ್ದು: ಮತ್ತೆ ಕೆಳಗಿಳಿಯುವುದು. ಜೋನ್ಸ್ ಮಾರ್ಚ್‌ನಲ್ಲಿ 193 ಇದ್ದವರು ನವೆಂಬರ್‌ಗೆ ಮತ್ತೆ 175ಕ್ಕೆ ಇಳಿದರು. ಇಳಿಸಿದ್ದು ಕೊಬ್ಬಲ್ಲ, ಕಷ್ಟಪಟ್ಟು ಕಟ್ಟಿದ ಸ್ನಾಯು. ಆಂಟೋನಿಯೊ ಟಾರ್ವರ್ ಎದುರು ಆ ರಾತ್ರಿ ಹೇಗೋ ಅಂಕದ ಮೇಲೆ ಗೆದ್ದರು. 2004ರ ಮೇ ತಿಂಗಳಲ್ಲಿ ಅದೇ ಟಾರ್ವರ್ ಎರಡನೇ ರೌಂಡಿನಲ್ಲಿ ಮಲಗಿಸಿದರು, ಸೆಪ್ಟೆಂಬರ್‌ನಲ್ಲಿ ಗ್ಲೆನ್ ಜಾನ್ಸನ್ ಒಂಬತ್ತನೆಯದರಲ್ಲಿ. ವಯಸ್ಸೂ ಒಂದು ಕಾರಣವೇ, ಆದರೆ ಆ ತೂಕ ಇಳಿಕೆಯನ್ನು ಬಿಟ್ಟು ಲೆಕ್ಕ ಹಾಕಲು ನನಗೆ ಸಾಧ್ಯವಿಲ್ಲ. ಲೈಟ್ ಹೆವಿವೇಟ್‌ನಿಂದ ಏರಿದವನು ಹೆವಿವೇಟ್ ಬಿಡಲೇಬೇಕಾದರೆ 200 ಪೌಂಡಿನ ಕ್ರೂಸರ್‌ವೇಟ್‌ನಲ್ಲೇ ನಿಲ್ಲಲಿ. 193ರಲ್ಲಿದ್ದವನಿಗೆ ಅಲ್ಲಿ ಒಂದು ಪೌಂಡನ್ನೂ ಕಳೆದುಕೊಳ್ಳಬೇಕಾಗಿಲ್ಲ.